ಗೀಸರ್ ಕೆಳಗಿನ ವಾಲ್ವ್ ಹನಿಯುತ್ತಿದೆ. ರಿಪೇರಿ ಮಾಡಿಸಲಾ, ಹೊಸದು ಹಾಕಿಸಲಾ?

ನೀರು ಕಾಯುವಾಗ ವಾಲ್ವ್‌ನಿಂದ ಹನಿ ಬೀಳುತ್ತದೆ, ಪ್ಲಂಬರ್ ಬದಲಾಯಿಸಿ ಅನ್ನುತ್ತಾನೆ ಅಂತ ಬರೆದಿದ್ದೀರಿ. ಓದುತ್ತಿದ್ದಂತೆ ವಾಕಡ್‌ನ ನಮ್ಮ ಬಾತ್‌ರೂಮೇ ಕಣ್ಣ ಮುಂದೆ ಬಂತು. ಇದೇ ಹನಿ ನಿಲ್ಲಿಸಲು ಹೋಗಿ ನಾನು ಗೀಸರ್ ಕಳೆದುಕೊಂಡವನು.

ಪುಣೆಯ ಡಿಸೆಂಬರ್ ಚಳಿ. ಧಾರವಾಡದಿಂದ ಅವ್ವ ಬಂದಿದ್ದಳು. 25 ಲೀಟರ್ ಗೀಸರ್ ಹಾಕಿ ಹತ್ತು ನಿಮಿಷಕ್ಕೆ ಟಪ್, ಟಪ್ ಶುರು. ಕೆಳಗೆ ಬಕೆಟ್ ಇಟ್ಟಿದ್ದೆವು. ಅವ್ವ ಒಂದು ದಿನ ಮೇಲೆ ನೋಡಿ ಕೇಳಿದಳು: "ನಮ್ಮ ಹಂಡೆಕ್ಕ ಬಾಯಿ ಐತಿ. ಇದರ ಬಾಯಿ ಎಲ್ಲೈತೋ ತಮ್ಮಾ?" ನಾನು ನಕ್ಕುಬಿಟ್ಟೆ.

ಭಾನುವಾರ ಪ್ಲಂಬರ್ ಬಂದ. ವಾಲ್ವ್ ಬಿಚ್ಚಿ ನನ್ನ ಕೈಗಿಟ್ಟ. ಹೆಬ್ಬೆರಳಿನಷ್ಟು ಹಿತ್ತಾಳೆ ತುಂಡು, ಪಕ್ಕದಲ್ಲಿ ಪುಟ್ಟ ಲಿವರ್, ಅದರ ಕೆಳಗೆ ಜೋಳದ ಕಾಳಿನಷ್ಟು ತೂತು. ತೂತಿನ ಸುತ್ತ ಬಿಳಿ ಉಪ್ಪು ಕಟ್ಟಿತ್ತು. ನಮ್ಮ ಸೊಸೈಟಿಗೆ ಅರ್ಧ ವರ್ಷ ಟ್ಯಾಂಕರ್ ನೀರು, ಇನ್ನೇನಾಗುತ್ತದೆ? "ಇಂಥದ್ದೇ ತನ್ನಿ" ಅಂದ. ಹಾರ್ಡ್‌ವೇರ್ ಅಂಗಡಿಯವನು ಥ್ರೆಡ್ ತಿರುಗಿಸಿ ನೋಡಿ ಒಂದನ್ನು ಕೊಟ್ಟ. ಅರ್ಧ ಇಂಚು, ಅದೇ ಹಿತ್ತಾಳೆ, ಮೈಮೇಲೆ ಅದೇ ಬಾಣದ ಗುರುತು. 180 ರೂಪಾಯಿ. ಲಿವರ್ ಇರಲಿಲ್ಲ, ತೂತೂ ಇರಲಿಲ್ಲ. ಹೊಸ ಮಾಡೆಲ್ ಇರಬೇಕು ಅಂದುಕೊಂಡೆ! ಪ್ಲಂಬರ್‌ಗೆ ತೋರಿಸಿದರೆ "ಟೆನ್ಶನ್ ನಕಾ ಘೇಊ ಸಾಹೇಬ್", ಟೆನ್ಶನ್ ತಗೋಬೇಡಿ ಅಂದ. ಹನಿ ಪೂರ್ತಿ ನಿಂತಿತು. ಖುಷಿಯಲ್ಲಿ ಅವನಿಗೆ ಐವತ್ತು ರೂಪಾಯಿ ಜಾಸ್ತಿ ಕೊಟ್ಟೆ.

ತಪ್ಪು ಆಗಿದ್ದು ಇಲ್ಲೇ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ. ನಾನು ತಂದದ್ದು ಬರೀ ಎನ್‌ಆರ್‌ವಿ, ಅಂದರೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್. ಗೀಸರ್ ಜೊತೆ ಬರುವ ವಾಲ್ವ್ ಆ ಕೆಲಸದ ಜೊತೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಒಳಗೆ ಒತ್ತಡ ಮಿತಿ ಮೀರಿದರೆ ಆ ತೂತಿನಿಂದ ಹೊರಗೆ ಬಿಡುತ್ತದೆ. ನೀರು ಕಾದರೆ ಹಿಗ್ಗುತ್ತದೆ. 25 ಲೀಟರ್ ನೀರು 20 ಡಿಗ್ರಿಯಿಂದ 65ಕ್ಕೆ ಹೋದರೆ ಸುಮಾರು 450 ಮಿ.ಲೀ. ಹೆಚ್ಚಾಗುತ್ತದೆ. ನಲ್ಲಿ ಬಂದ್, ಹಿಂದಕ್ಕೆ ಹೋಗಲು ಎನ್‌ಆರ್‌ವಿ ಬಿಡಲ್ಲ, ನೀರನ್ನು ಅದುಮಿದರೆ ಅದು ಸಣ್ಣದಾಗುವುದೂ ಇಲ್ಲ. ಆ ಅರ್ಧ ಲೀಟರ್ ಎಲ್ಲಿಗೆ ಹೋಗಬೇಕು? ಟ್ಯಾಂಕನ್ನೇ ಹೊರಕ್ಕೆ ನೂಕುತ್ತದೆ. ಪ್ರತಿದಿನ ಬೆಳಿಗ್ಗೆ. ಇದ್ದ ಒಂದು ಬಾಯಿಯನ್ನೂ ನಾನೇ ದುಡ್ಡು ಕೊಟ್ಟು ಮುಚ್ಚಿಸಿದ್ದೆ.

ಸೂಚನೆ ಸಿಕ್ಕಿರಲಿಲ್ಲ ಅಂತಲ್ಲ. ಬೆಳಿಗ್ಗೆ ಬಿಸಿನೀರಿನ ನಲ್ಲಿ ತಿರುಗಿಸಿದರೆ ಮೊದಲು ಪಿಚಕಾರಿ ಥರ ಚಿಮ್ಮುತ್ತಿತ್ತು. ಕನೆಕ್ಷನ್ ಪೈಪಿನ ವಾಷರ್ ಎರಡು ಸಲ ಹೋಯಿತು. ಸುಮ್ನೆ ಹೊಸದು ಹಾಕಿಸಿದೆ. ಏಪ್ರಿಲ್‌ನಲ್ಲಿ ಗೋಡೆಯ ಟೈಲ್ಸ್ ಮೇಲೆ ಕಂದು ಬಣ್ಣದ ಗೆರೆ ಇಳಿಯಿತು. ಒಳಟ್ಯಾಂಕಿನ ವೆಲ್ಡಿಂಗ್ ಬಿಟ್ಟಿತ್ತು. ಸರ್ವಿಸ್ ಹುಡುಗ ಕೆಳಗೆ ಬಗ್ಗಿ ನೋಡಿ ಕೇಳಿದ್ದು ಒಂದೇ: "ಇದರ ಜೊತೆ ಬಂದ ವಾಲ್ವ್ ಎಲ್ಲಿ ಸರ್?" ಟ್ಯಾಂಕಿನ ವಾರಂಟಿ ಇನ್ನೂ ಇತ್ತು. ಆದರೆ ಆ ವಾಲ್ವ್ ಇಲ್ಲದಿದ್ದರೆ ವಾರಂಟಿ ಇಲ್ಲ ಅಂತ ಕಾರ್ಡಿನಲ್ಲೇ ಅಚ್ಚಾಗಿತ್ತು. ಹೊಸ ಗೀಸರ್‌ಗೆ ಒಂಬತ್ತು ಸಾವಿರ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಾಯುವಾಗ ಮಾತ್ರ ಹನಿಯುವ ವಾಲ್ವ್ ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ. ತೂತಿಗೆ ಒಂದು ಸಣ್ಣ ಪೈಪ್ ಸಿಕ್ಕಿಸಿ ಮೋರಿಗೆ ಬಿಡಿ. ಎಂಸೀಲ್ ಮೆತ್ತಬೇಡಿ, ಪೈಪಿನ ತುದಿಗೂ ಬೂಚು ಹಾಕಬೇಡಿ.

ತಣ್ಣಗಿದ್ದಾಗಲೂ ಸೋರಿದರೆ ವಿಷಯ ಬೇರೆ. ಗೀಸರ್ ಆಫ್ ಮಾಡಿ, ನೀರು ಪೂರ್ತಿ ಆರಿದ ಮೇಲೆ ಲಿವರ್ ಎರಡು ಮೂರು ಸಲ ಎತ್ತಿ ಬಿಡಿ. ಕಸ, ಉಪ್ಪು ಸಿಕ್ಕಿಕೊಂಡಿದ್ದರೆ ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಹೋಗಲಿಲ್ಲವಾ, ಹೊಸದು ಹಾಕಿಸಿ. ಬಿಚ್ಚಿ ಸ್ಪ್ರಿಂಗ್ ಸರಿಮಾಡುತ್ತೇನೆ ಅನ್ನುವವನನ್ನು ಬಾಗಿಲಿಂದಲೇ ಕಳಿಸಿ. ಹಳೆಯದನ್ನು ಅಂಗಡಿಗೆ ಒಯ್ದು "ಇಂಥದ್ದೇ" ಅನ್ನಬೇಡಿ, ನಾನು ಕೆಟ್ಟಿದ್ದೇ ಹಾಗೆ. ಗೀಸರ್ ಮೈಮೇಲಿನ ಪ್ಲೇಟ್‌ನಲ್ಲಿ ಅದು ಎಷ್ಟು ಬಾರ್ ಒತ್ತಡ ತಡೆಯುತ್ತದೆ ಅಂತ ಬರೆದಿರುತ್ತದೆ, ಬಾರ್ ಅಂದರೆ ಒತ್ತಡದ ಅಳತೆ. ವಾಲ್ವ್ ಮೇಲಿನ ಅಂಕಿ ಅದಕ್ಕಿಂತ ಜಾಸ್ತಿ ಇರಬಾರದು. ಗೀಸರ್ ಕಂಪನಿಯದೇ ತರಿಸಿದರೆ ಈ ತಲೆನೋವೇ ಇಲ್ಲ. ನಾನು ಆಮೇಲೆ ಕೊಟ್ಟದ್ದು 450 ರೂಪಾಯಿ ಅಷ್ಟೇ.

ಇನ್ನೊಂದು ಮಾತು. 14 ಮಹಡಿ ಕಟ್ಟಡದ ಎರಡನೇ ಮಹಡಿ ಅಂದಿರಿ. ಮೇಲಿನ ಟ್ಯಾಂಕ್‌ನಿಂದ ಪ್ರತಿ ಹತ್ತು ಮೀಟರ್ ಇಳಿತಕ್ಕೆ ಸುಮಾರು ಒಂದು ಬಾರ್ ಒತ್ತಡ ಕೂಡುತ್ತದೆ. ಅದನ್ನು ತಗ್ಗಿಸಲು ಸೊಸೈಟಿಯವರು ಪೈಪುಗಳು ಇಳಿಯುವ ಡಕ್ಟ್‌ನಲ್ಲಿ ಪಿಆರ್‌ವಿ ಅನ್ನುವ ಬೇರೊಂದು ವಾಲ್ವ್ ಹಾಕಿಸಿರುತ್ತಾರೆ. ಅದು ಕೆಟ್ಟಿದ್ದರೆ ನೀವು ಎಷ್ಟು ವಾಲ್ವ್ ಬದಲಿಸಿದರೂ ಅಷ್ಟೇ. ಮೇಲೆ ಕೆಳಗೆ ಮನೆಯವರಿಗೂ ಹೀಗೇ ಆಗುತ್ತಿದೆಯಾ, ಕೇಳಿ. ಮತ್ತೆ ರಾತ್ರಿ ಗೀಸರ್ ಆಫ್ ಮಾಡಿ ವಾಲ್ವ್ ಕೆಳಗೆ ಒಂದು ಒಣ ಮಗ್ ಇಡಿ. ಬೆಳಿಗ್ಗೆ ಅದರಲ್ಲಿ ಎಷ್ಟು ನೀರಿತ್ತು ಅಂತ ಇಲ್ಲೇ ಬರೆಯಿರಿ.