ಸೂತ್ರ ಸರಿ, ಅಳತೆ ಎಲ್ಲಿ ತಪ್ಪಿತು? ದೈಹಿಕ ಶಿಕ್ಷಣ ವಿದ್ಯಾರ್ಥಿಗಳ ಪ್ರಶ್ನೆಗಳು

ಬಿ.ಪಿ.ಎಡ್., ಎಂ.ಪಿ.ಎಡ್. ಓದುತ್ತಿರುವವರ ಪತ್ರಗಳೇ ಈ ಸಲ ಹೆಚ್ಚು. ಸೂತ್ರವನ್ನು ಎಲ್ಲರೂ ಸರಿಯಾಗಿ ಬರೆದಿದ್ದಾರೆ. ಅದರೊಳಗೆ ಹಾಕಿದ ಅಂಕಿ ಎಲ್ಲಿಂದ, ಹೇಗೆ ಬಂತು ಅನ್ನುವುದನ್ನು ಮಾತ್ರ ಯಾರೂ ಬರೆದಿಲ್ಲ. ತಪ್ಪು ಅಲ್ಲೇ ಕೂತಿರುತ್ತದೆ.

ಪ್ರಶ್ನೆ: ಪ್ರಾಕ್ಟಿಕಲ್ ಪರೀಕ್ಷೆಗೆ 200 ಮೀ. ಸುಣ್ಣದ ಟ್ರ್ಯಾಕ್ ಹಾಕಿದೆವು, ಆರು ಲೇನು. 200 ಮೀ. ಓಟಕ್ಕೆ ಎರಡನೇ ಲೇನಿಗೆ 7.04 ಮೀ. ಸ್ಟ್ಯಾಗರ್ ಕೊಟ್ಟೆವು. ಪುಸ್ತಕದಲ್ಲಿ ಹಾಗೇ ಇದೆ. ಪರೀಕ್ಷಕರು ತಪ್ಪು ಅಂದರು. ಯಾಕೆ? (ಬಿ.ಪಿ.ಎಡ್. ವಿದ್ಯಾರ್ಥಿ, ಶಿವಮೊಗ್ಗ)

ಪರೀಕ್ಷಕರು ಹೇಳಿದ್ದೇ ಸರಿ. ಸ್ಟ್ಯಾಗರ್ ಅಂದರೆ ಹೊರ ಲೇನಿನವನ ಸುತ್ತು ಉದ್ದವಾಗುವುದರಿಂದ ಅವನ ಆರಂಭದ ಗೆರೆಯನ್ನು ಅಷ್ಟು ಮುಂದಕ್ಕೆ ಸರಿಸುವುದು. 7.04 ಅನ್ನುವುದು ಒಳ ಅಂಚಿಗೆ ಎತ್ತರಿಸಿದ ಕಟ್ಟೆ ಇರುವ ಟ್ರ್ಯಾಕಿನ ಲೆಕ್ಕ. ಕಟ್ಟೆ ಇದ್ದರೆ ಕಾಲು ತಾಗೀತೆಂದು ಓಟಗಾರ ತುಸು ಸರಿದೇ ಓಡುತ್ತಾನೆ. ಆದ್ದರಿಂದ ಅಲ್ಲಿ ಮೊದಲ ಲೇನನ್ನು ಅಂಚಿನಿಂದ 30 ಸೆಂ.ಮೀ. ಹೊರಗೆ ಅಳೆಯುತ್ತಾರೆ, ಉಳಿದ ಲೇನುಗಳನ್ನು ಒಳಗೆರೆಯಿಂದ 20 ಸೆಂ.ಮೀ. ಹೊರಗೆ. ಹೀಗಾಗಿ ಒಂದನೇ ಮತ್ತು ಎರಡನೇ ಲೇನಿನ ಓಟದ ಗೆರೆಗಳ ನಡುವೆ ಉಳಿಯುವುದು ಲೇನಿನ ಪೂರ್ತಿ ಅಗಲ 1.22 ಮೀ. ಅಲ್ಲ, 1.12 ಮೀ. ಅದನ್ನು ಎರಡು ಪೈಯಿಂದ, ಅಂದರೆ 6.2832ರಿಂದ ಗುಣಿಸಿ, 7.04 ಬರುತ್ತದೆ.

ನಿಮ್ಮದು ಸುಣ್ಣದ ಗೆರೆ, ಕಟ್ಟೆಯೇ ಇಲ್ಲ. ಮೊದಲ ಲೇನಿಗೂ 20 ಸೆಂ.ಮೀ. ಹೊರಗಿನ ಅಳತೆಯೇ. ಆಗ ಅಂತರ ಪೂರ್ತಿ 1.22, ಸ್ಟ್ಯಾಗರ್ 7.67 ಮೀ. ಮುಂದಿನವು 15.33, 23.00, 30.66, 38.33. ನೀವು ಎರಡನೇ ಲೇನಿನ ಹುಡುಗನನ್ನು ಹೆಚ್ಚುಕಮ್ಮಿ 63 ಸೆಂ.ಮೀ. ಹೆಚ್ಚು ಓಡಿಸಿದ್ದೀರಿ. ಇನ್ನೊಂದು ಗಮನಿಸಿ: ಒಂದು ಪೂರ್ತಿ ಸುತ್ತಿನ ಸ್ಟ್ಯಾಗರ್ ನಿಂತಿರುವುದು ಲೇನಿನ ಅಗಲದ ಮೇಲೆ, ತ್ರಿಜ್ಯದ ಮೇಲಲ್ಲ. ಟ್ರ್ಯಾಕ್ 200 ಇರಲಿ, 400 ಇರಲಿ, ಸುತ್ತು ಒಂದಾದರೆ ಅಂಕಿಯೂ ಒಂದೇ.

ನೀವು ಆಯ್ದುಕೊಂಡ ನೇರ ಭಾಗ ಎಷ್ಟೆಂದು ಬರೆದಿಲ್ಲ. 40 ಮೀ. ಇಟ್ಟುಕೊಂಡರೆ ಎರಡು ತಿರುವುಗಳಿಗೆ 120 ಮೀ. ಉಳಿಯುತ್ತದೆ, ಓಟದ ತ್ರಿಜ್ಯ 19.10, ಗೆರೆ ಎಳೆಯುವ ತ್ರಿಜ್ಯ 18.90. ಆರು ಲೇನಿಗೆ ಮೈದಾನ ಕನಿಷ್ಠ 92.44 ಮೀ. ಉದ್ದ, 52.44 ಮೀ. ಅಗಲ ಬೇಕು; ಸುತ್ತ ಓಡಿ ನಿಲ್ಲುವ ಜಾಗ ಬೇರೆ. ಮೊದಲು 40 × 37.80 ಮೀ. ಆಯತಕ್ಕೆ ಗೂಟ ಹೊಡೆಯಿರಿ. ಎರಡೂ ಕರ್ಣ ಅಳೆಯಿರಿ, ಎರಡೂ 55.03 ಮೀ. ಬರಬೇಕು. ಇಲ್ಲಿ ಐದು ಸೆಂ.ಮೀ. ಬಿಟ್ಟುಕೊಟ್ಟರೆ ತಿರುವು ನೇರಕ್ಕೆ ಸೇರುವ ಜಾಗದಲ್ಲಿ ಗೆರೆ ಮುರಿದಂತೆ ಕಾಣುತ್ತದೆ, ಆಮೇಲೆ ಯಾರೂ ಸರಿಪಡಿಸಲಾರರು. ತಿರುವು ಎಳೆಯಲು ನೈಲಾನ್ ಹಗ್ಗ ಬೇಡ, ಎಳೆದಷ್ಟೂ ಹಿಗ್ಗುತ್ತದೆ. ಸ್ಟೀಲ್ ಟೇಪಿನ ಸೊನ್ನೆಯನ್ನು 37.80ರ ಬದಿಯ ನಡುಗೂಟದ ಮೊಳೆಗೆ ಸಿಕ್ಕಿಸಿ. 1.22ರಲ್ಲಿ ಬಲಗಡೆಯ 5 ಸೆಂ.ಮೀ. ಗೆರೆಯೂ ಸೇರಿದೆ. ಗೆರೆ ಬಿಟ್ಟು ಅಳೆದರೆ ಆರನೇ ಲೇನಿಗೆ ಹೋಗುವಷ್ಟರಲ್ಲಿ 25 ಸೆಂ.ಮೀ. ಆಚೆ ಹೋಗಿರುತ್ತೀರಿ. ಸ್ಟ್ಯಾಗರನ್ನು ತಿರುವಿನಲ್ಲಿ ಟೇಪು ನೆಟ್ಟಗೆ ಹಿಡಿದು ಅಳೆಯಬಾರದು. 20 ಸೆಂ.ಮೀ. ಹೊರಗೆ ಮೀಟರಿಗೊಂದು ಮೊಳೆ ಹೊಡೆದು, ಅದರ ಸುತ್ತ ಟೇಪು ಬಳಸಿ. ಎರಡನೇ ಲೇನಿನಲ್ಲೇ ನೆಟ್ಟಗಿನ ಅಳತೆ ಸುಮಾರು 4.5 ಸೆಂ.ಮೀ. ಮೋಸ ಮಾಡುತ್ತದೆ.

ಅಂದಹಾಗೆ, ಸುಡುಸುಣ್ಣ ಬಳಸಬೇಡಿ. ಬೆವರಿದ ಕಾಲಿಗೆ, ಬಿದ್ದವರ ಕಣ್ಣಿಗೆ ಅದು ಸುಟ್ಟ ಗಾಯ ಮಾಡುತ್ತದೆ. ಸೀಮೆಸುಣ್ಣದ ಪುಡಿ ಸಾಕು.

ಪ್ರಶ್ನೆ: ಕ್ವೀನ್ಸ್ ಕಾಲೇಜ್ ಸ್ಟೆಪ್ ಟೆಸ್ಟಿನಲ್ಲಿ ಒಬ್ಬನೇ ಹುಡುಗನಿಗೆ ನನ್ನ ಲೆಕ್ಕದಲ್ಲಿ ವಿಒ2 ಮ್ಯಾಕ್ಸ್ 47.5, ಗೆಳತಿಯ ಲೆಕ್ಕದಲ್ಲಿ 44.1. ರೆಕಾರ್ಡಿನಲ್ಲಿ ಯಾವುದು ಬರೆಯಲಿ? (ಎಂ.ಪಿ.ಎಡ್. ವಿದ್ಯಾರ್ಥಿನಿ, ಧಾರವಾಡ)

ಮೂರು ನಿಮಿಷ ಪೆಟ್ಟಿಗೆ ಹತ್ತಿಳಿಸಿ, ನಾಡಿ ಎಣಿಸಿ, ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕವನ್ನು (ವಿಒ2 ಮ್ಯಾಕ್ಸ್) ಅಂದಾಜು ಮಾಡುವ ಪರೀಕ್ಷೆ ಇದು. ಹಿಂದಕ್ಕೆ ಲೆಕ್ಕ ಹಾಕೋಣ. ಗಂಡಸರ ಸೂತ್ರ: 111.33ರಿಂದ, ನಿಮಿಷದ ನಾಡಿ ಬಡಿತವನ್ನು 0.42ರಿಂದ ಗುಣಿಸಿದ್ದನ್ನು ಕಳೆಯುವುದು. ನೀವು 15 ಸೆಕೆಂಡಿನಲ್ಲಿ 38 ಎಣಿಸಿದ್ದೀರಿ, ಗೆಳತಿ 40. ನಾಲ್ಕರಿಂದ ಗುಣಿಸಿದಾಗ 152 ಮತ್ತು 160. ಎಣಿಕೆಯಲ್ಲಿ ಒಂದು ಬಡಿತ ಆಚೀಚೆಯಾದರೆ ಉತ್ತರ 1.68 ಆಚೀಚೆ. ನಿಮ್ಮಿಬ್ಬರ ನಡುವೆ ಇರುವುದು ಎರಡೇ ಬಡಿತ.

ಆ ಎರಡು ಎಲ್ಲಿ ಹೋದವು? ಮೊದಲ ಅನುಮಾನ ಸಮಯದ ಮೇಲೆ. ಮೂರು ನಿಮಿಷ ಮುಗಿದ ಮೇಲೆ 5ನೇ ಸೆಕೆಂಡಿನಿಂದ 20ನೇ ಸೆಕೆಂಡಿನವರೆಗೆ ಎಣಿಸಬೇಕು, ಹುಡುಗ ನಿಂತೇ ಇರಬೇಕು. ನಾಡಿ ಹುಡುಕುತ್ತಾ ಹತ್ತು ಸೆಕೆಂಡು ತಡವಾದರೆ ಬಡಿತ ಅಷ್ಟರಲ್ಲೇ ಇಳಿದಿರುತ್ತದೆ, ಹುಡುಗ ಕಾಗದದ ಮೇಲೆ ಜಾಸ್ತಿ ಗಟ್ಟಿಯಾಗುತ್ತಾನೆ. ಎರಡನೆಯದು ಕುತ್ತಿಗೆ. ಅಲ್ಲಿ ಬೆರಳು ಒತ್ತಿ ಹಿಡಿದರೆ ಒತ್ತಡ ಅರಿಯುವ ನರಗಳು ಕೆಣಕಿ ಬಡಿತವೇ ಕಡಿಮೆಯಾಗುತ್ತದೆ. ಮಣಿಕಟ್ಟಿನಲ್ಲಿ ಹಿಡಿಯುವುದನ್ನು ರೂಢಿಸಿಕೊಳ್ಳಿ. ಮೂರನೆಯದು ಮೊದಲ ಬಡಿತ. ಬಡಿತದ ಜೊತೆಗೇ ಸ್ಟಾಪ್‌ವಾಚ್ ಒತ್ತಿದರೆ ಅದು ಸೊನ್ನೆ, ವಾಚು ಮೊದಲೇ ಓಡುತ್ತಿದ್ದರೆ ಅದು ಒಂದು. ಇಬ್ಬರೂ ಒಂದೇ ಪದ್ಧತಿ ಹಿಡಿಯಿರಿ.

ಪೆಟ್ಟಿಗೆಯನ್ನೂ ಅಳೆದು ನೋಡಿ, ಎತ್ತರ 41.3 ಸೆಂ.ಮೀ. ಇರಬೇಕು. ಮೆಟ್ರೋನೋಮ್ ಗಂಡಸರಿಗೆ 96, ಹೆಂಗಸರಿಗೆ 88. ನಾಲ್ಕು ಟಿಕ್ಕಿಗೆ ಒಂದು ಏರಿಳಿತ, ಅಂದರೆ ನಿಮಿಷಕ್ಕೆ 24 ಮತ್ತು 22. ಹೆಂಗಸರ ಸೂತ್ರ ಬೇರೆ: 65.81ರಿಂದ ಬಡಿತದ 0.1847 ಪಾಲು ಕಳೆಯಬೇಕು. ಮೇಲೆ ಹತ್ತಿದಾಗ ಮೊಣಕಾಲು ಪೂರ್ತಿ ನೆಟ್ಟಗಾಗದಿದ್ದರೆ ಹುಡುಗ ಕೆಲಸ ಕದ್ದ ಹಾಗೆ. ರೆಕಾರ್ಡಿನಲ್ಲಿ ಎರಡೂ ಎಣಿಕೆ ಬರೆಯಿರಿ, ಇನ್ನೊಂದು ದಿನ ಅದೇ ಹೊತ್ತಿಗೆ ಮತ್ತೆ ಮಾಡಿ. ಬೇಸಿಗೆ ಮಧ್ಯಾಹ್ನದ ಬಡಿತವನ್ನೂ ಬೆಳಗಿನ ತಂಪಿನ ಬಡಿತವನ್ನೂ ಹೋಲಿಸಿ ಪ್ರಯೋಜನವಿಲ್ಲ.

ಪ್ರಶ್ನೆ: ಸ್ಕಿನ್‌ಫೋಲ್ಡ್ ಕ್ಯಾಲಿಪರಿನಲ್ಲಿ (ಚರ್ಮದಡಿಯ ಕೊಬ್ಬಿನ ದಪ್ಪ ಅಳೆಯುವ ಉಪಕರಣ) ತೋಳಿನ ಹಿಂಬದಿಯ ಟ್ರೈಸೆಪ್ಸ್ ಹತ್ತಿರ ಒಂದೊಂದು ಸಲ ಒಂದೊಂದು ರೀಡಿಂಗ್. ಉಪಕರಣ ಕೆಟ್ಟಿದೆಯೇ? (ಕಲಬುರಗಿ)

ಇರಬಹುದು, ಆದರೆ ಮೊದಲು ನಿಮ್ಮ ಕೈ ನೋಡಿಕೊಳ್ಳಿ. ಭುಜದ ಮೂಳೆಯ ತುದಿಗೂ ಮೊಣಕೈ ಮೂಳೆಯ ತುದಿಗೂ ನಡುಮಧ್ಯವನ್ನು ಟೇಪಿನಲ್ಲಿ ಅಳೆದು ಪೆನ್ನಿನಿಂದ ಗುರುತು ಮಾಡಿದ್ದೀರಾ? ಕಣ್ಣಂದಾಜಿನಲ್ಲಿ ಹಿಡಿದರೆ ಒಂದೆರಡು ಸೆಂ.ಮೀ. ಸರಿದು ಕೊಬ್ಬಿನ ದಪ್ಪವೇ ಬದಲಾಗುತ್ತದೆ. ಎಡಗೈ ಹೆಬ್ಬೆರಳು, ತೋರುಬೆರಳಿನಿಂದ ಚರ್ಮ ಮತ್ತು ಕೊಬ್ಬನ್ನು ಮಾತ್ರ ಎತ್ತಿ. ಸ್ನಾಯು ಸಿಕ್ಕಿದೆಯೋ ಎಂಬ ಅನುಮಾನವಿದ್ದರೆ ತೋಳು ಬಿಗಿ ಮಾಡಲು ಹೇಳಿ, ಸ್ನಾಯುವಾದರೆ ಜಾರಿಹೋಗುತ್ತದೆ. ಬೆರಳಿನಿಂದ 1 ಸೆಂ.ಮೀ. ದೂರಕ್ಕೆ ಕ್ಯಾಲಿಪರ್ ಹಾಕಿ, ಹಿಡಿಕೆ ಪೂರ್ತಿ ಬಿಟ್ಟು, ಎರಡು ಸೆಕೆಂಡಿಗೆ ಓದಿ. ಬೆರಳು ಬಿಡಬೇಡಿ. ತಡಮಾಡಿದರೆ ಕೊಬ್ಬು ಒತ್ತಿಕೊಂಡು ಮುಳ್ಳು ಇಳಿಯುತ್ತಾ ಹೋಗುತ್ತದೆ. ಒಂದೇ ಜಾಗವನ್ನು ಬೆನ್ನುಬೆನ್ನಿಗೆ ಮೂರು ಸಲ ಹಿಡಿಯಬೇಡಿ. ಎಲ್ಲಾ ಜಾಗ ಒಂದು ಸುತ್ತು ಮುಗಿಸಿ ಎರಡನೇ ಸುತ್ತಿಗೆ ಬನ್ನಿ.

ಕೈ ಎಷ್ಟು ಸ್ಥಿರ ಅನ್ನುವುದಕ್ಕೂ ಲೆಕ್ಕವಿದೆ. ಹತ್ತು ಜನರನ್ನು ಎರಡೆರಡು ಸಲ ಅಳೆಯಿರಿ. ವ್ಯತ್ಯಾಸಗಳ ವರ್ಗಗಳ ಮೊತ್ತ 5 ಬಂತೆನ್ನಿ. ಅದನ್ನು ಜನರ ಸಂಖ್ಯೆಯ ಎರಡರಷ್ಟರಿಂದ, ಅಂದರೆ 20ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ: 0.5 ಮಿ.ಮೀ. ಸರಾಸರಿ ದಪ್ಪ 10 ಮಿ.ಮೀ. ಆಗಿದ್ದರೆ ತಪ್ಪು ಶೇ. 5. ಇದಕ್ಕಿಂತ ದೊಡ್ಡದು ಬರುತ್ತಿದ್ದರೆ ಡೆಸರ್ಟೇಶನ್ ಡೇಟಾಕ್ಕೆ ಕೈ ಹಾಕಬೇಡಿ, ಇನ್ನೂ ಐವತ್ತು ಜನರ ಮೇಲೆ ಕೈ ಪಳಗಲಿ. ಕ್ಯಾಲಿಪರಿನ ಬಾಯಿ ಎಷ್ಟೇ ತೆರೆದರೂ ಒತ್ತಡ ಚದರ ಮಿ.ಮೀ.ಗೆ 10 ಗ್ರಾಂ ಇರಬೇಕು. ಅಗ್ಗದ ಪ್ಲಾಸ್ಟಿಕ್ಕಿನವು ಇಲ್ಲೇ ಸೋಲುವುದು. ಹುಡುಗಿಯರನ್ನು ಅಳೆಯಲು ತರಬೇತಾದ ಹುಡುಗಿಯೇ ಇರಲಿ.

ಪ್ರಶ್ನೆ: 12 ವಾರದ ಸರ್ಕಿಟ್ ಟ್ರೇನಿಂಗ್ ಬಗ್ಗೆ ಡೆಸರ್ಟೇಶನ್. ಪ್ರಯೋಗದ ಗುಂಪು 20, ನಿಯಂತ್ರಣ ಗುಂಪು 20. ಪೇರ್ಡ್ ಟಿ-ಟೆಸ್ಟ್ ಪ್ರಯೋಗದ ಗುಂಪಿನಲ್ಲಿ ಸಿಗ್ನಿಫಿಕೆಂಟ್, ಇನ್ನೊಂದರಲ್ಲಿ ಇಲ್ಲ. ಇಷ್ಟು ಸಾಲದೆ? ಗೈಡ್ ಆಂಕೋವಾ ಮಾಡು ಅನ್ನುತ್ತಾರೆ. (ವಿಜಯಪುರ)

ಸಾಲದು. ಪೇರ್ಡ್ ಟಿ-ಟೆಸ್ಟ್ ಒಂದೇ ಗುಂಪಿನ ಮೊದಲ ಮತ್ತು ಕೊನೆಯ ಅಳತೆಗಳನ್ನಷ್ಟೇ ಹೋಲಿಸುತ್ತದೆ. 20 ಜನರ ಗುಂಪಿಗೆ 0.05 ಮಟ್ಟದಲ್ಲಿ ಟಿ ದಾಟಬೇಕಾದ ಗೆರೆ 2.093. ನಿಮ್ಮ ಪ್ರಯೋಗದ ಗುಂಪು 2.15, ನಿಯಂತ್ರಣ ಗುಂಪು 2.03 ಬಂದಿತ್ತೆನ್ನಿ. ಒಂದು ದಾಟಿತು, ಒಂದು ದಾಟಲಿಲ್ಲ, ಆದರೆ ಎರಡರ ನಡುವೆ ಇರುವುದು ಕೂದಲೆಳೆಯ ಅಂತರ. ನೀವು ಕೇಳಿದ ಪ್ರಶ್ನೆ ‘ಗುಂಪು ಗುಂಪಿಗೂ ವ್ಯತ್ಯಾಸ ಇದೆಯೇ’ ಎಂದು. ಗುಂಪುಗಳನ್ನು ಪರಸ್ಪರ ಹೋಲಿಸದೆ ಅದಕ್ಕೆ ಉತ್ತರ ಹೇಳಿದಿರಿ.

ಆಂಕೋವಾ ಮಾಡುವುದೇನೆಂದರೆ, ಮೊದಲಿನ ಏರುಪೇರನ್ನು ಲೆಕ್ಕದಲ್ಲೇ ಸಮ ಮಾಡಿ ಕೊನೆಯ ಫಲಿತಾಂಶ ಹೋಲಿಸುತ್ತದೆ. ಉದಾಹರಣೆಗೆ 4 × 10 ಮೀ. ಷಟಲ್ ರನ್. ಪ್ರಯೋಗದ ಗುಂಪು ಮೊದಲು 10.90 ಸೆಕೆಂಡು, ಕೊನೆಗೆ 10.50. ನಿಯಂತ್ರಣ ಗುಂಪು ಮೊದಲು 10.60, ಕೊನೆಗೆ 10.50. ಕೊನೆಯ ಸರಾಸರಿ ಮಾತ್ರ ನೋಡಿದರೆ ಎರಡೂ ಒಂದೇ, ತರಬೇತಿ ದಂಡ ಅನ್ನಿಸುತ್ತದೆ. ಆರಂಭದ ಒಟ್ಟು ಸರಾಸರಿ 10.75, ಇಳಿಜಾರಿನ ಅಂಕಿ (ಆರಂಭದ ಸಮಯ ಒಂದು ಸೆಕೆಂಡು ಹೆಚ್ಚಿದ್ದರೆ ಕೊನೆಯದು ಎಷ್ಟು ಹೆಚ್ಚು ಅನ್ನುವುದು) 0.8 ಎಂದಿಟ್ಟುಕೊಂಡರೆ ಹೊಂದಿಸಿದ ಸರಾಸರಿಗಳು 10.38 ಮತ್ತು 10.62. ಚಿತ್ರವೇ ಬದಲಾಯಿತು. ನಿಮ್ಮ 40 ಜನರಿಗೆ ಉಳಿಕೆಯ ಡಿಗ್ರಿ ಆಫ್ ಫ್ರೀಡಂ 37 (40ರಿಂದ ಎರಡು ಗುಂಪು, ಒಂದು ಇಳಿಜಾರು ಕಳೆದರೆ), ಆಂಕೋವಾದ ಎಫ್ ದಾಟಬೇಕಾದ ಗೆರೆ 4.11. ಇದಕ್ಕೆ ಮುಂಚೆ ಎರಡೂ ಗುಂಪುಗಳ ಇಳಿಜಾರು ಒಂದೇ ತೆರನಾಗಿದೆಯೇ ಎಂದು ಪರೀಕ್ಷಿಸಿ. ಇಲ್ಲದಿದ್ದರೆ ಹೊಂದಿಸಿದ ಸರಾಸರಿಗೆ ಅರ್ಥವಿಲ್ಲ. ವೈವಾದಲ್ಲಿ ಕೇಳುವುದೂ ಇದನ್ನೇ.

ಆಂಕೋವಾ ಸರಿಪಡಿಸಲಾಗದ್ದೂ ಇದೆ. ಒಂದು ಕಾಲೇಜಿನ ತಂಡವನ್ನು ಪ್ರಯೋಗಕ್ಕೆ, ಇನ್ನೊಂದು ಕಾಲೇಜಿನ ತಂಡವನ್ನು ನಿಯಂತ್ರಣಕ್ಕೆ ತೆಗೆದುಕೊಂಡಿದ್ದರೆ, ಬದಲಾವಣೆ ತರಬೇತಿಯಿಂದಲೋ ಅಲ್ಲಿನ ಹಾಸ್ಟೆಲ್ ಊಟದಿಂದಲೋ ಯಾರು ಬಲ್ಲರು? ನಲವತ್ತು ಜನರನ್ನೂ ಚೀಟಿ ಎತ್ತಿ ಹಂಚಬೇಕಿತ್ತು. ಹಂಚಿಲ್ಲದಿದ್ದರೆ ಮಿತಿಗಳ ಅಧ್ಯಾಯದಲ್ಲಿ ಹಾಗೇ ಬರೆಯಿರಿ. ಹಾಜರಿ ಪುಸ್ತಕವನ್ನೂ ಲಗತ್ತಿಸಿ. 36 ಸೆಷನ್ನಿನಲ್ಲಿ 20ಕ್ಕೆ ಬಂದವನನ್ನೂ 36ಕ್ಕೆ ಬಂದವನನ್ನೂ ಒಂದೇ ಅಂಕಣದಲ್ಲಿ ಕೂರಿಸಿ ಸುಮ್ಮನಿರಬಾರದು.

ಪ್ರಶ್ನೆ: ಬಿ.ಕಾಂ. ಆಗಿದೆ, ವಿಶ್ವವಿದ್ಯಾಲಯದ ಕಬಡ್ಡಿ ತಂಡದಲ್ಲಿದ್ದೆ. ಬಿ.ಪಿ.ಎಡ್. ಮಾಡಲೋ, ನೇರ ಸ್ಪೋರ್ಟ್ಸ್ ಸೈನ್ಸ್ ಎಂ.ಎಸ್ಸಿ.ಗೆ ಯತ್ನಿಸಲೋ? (ಚಿತ್ರದುರ್ಗ)

ಶಾಲೆಯ ಕೆಲಸ ಬೇಕಾದರೆ ಬಿ.ಪಿ.ಎಡ್. ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಪರಿಷತ್ತು ಎನ್‌ಸಿಟಿಇಯ 2014ರ ನಿಯಮದಂತೆ ಅದು ಎರಡು ವರ್ಷ, ಎಂ.ಪಿ.ಎಡ್. ಮತ್ತೆರಡು ವರ್ಷ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆಗೆ ಯುಜಿಸಿಯ 2018ರ ನಿಯಮ ದೈಹಿಕ ಶಿಕ್ಷಣದ ಜೊತೆ ಸ್ಪೋರ್ಟ್ಸ್ ಸೈನ್ಸ್ ಸ್ನಾತಕೋತ್ತರವನ್ನೂ ಒಪ್ಪುತ್ತದೆ, ಶೇ. 55 ಅಂಕ, ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ, ಆಡಿದ ದಾಖಲೆ ಬೇಕು. ನಿಮ್ಮ ಅಂತರ ವಿಶ್ವವಿದ್ಯಾಲಯ ಪಂದ್ಯದ ಪ್ರಮಾಣಪತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ, ಜೋಪಾನ. ದೈಹಿಕ ಕ್ಷಮತೆಯ ಪರೀಕ್ಷೆಯೂ ಇದೆ: 30 ವರ್ಷದವರೆಗಿನ ಗಂಡಸರು 12 ನಿಮಿಷದಲ್ಲಿ 1800 ಮೀ., ಹೆಂಗಸರು 8 ನಿಮಿಷದಲ್ಲಿ 1000 ಮೀ. ಎಂ.ಎಸ್ಸಿ.ಗೆ ಹೋಗುವ ಮುಂಚೆ ಒಂದು ಯೋಚಿಸಿ: ಬಿ.ಕಾಂ. ಓದಿದವರಿಗೆ ಜೀವರಸಾಯನ, ಬಯೋಮೆಕಾನಿಕ್ಸ್ ಮೊದಲ ಸೆಮಿಸ್ಟರಿನಲ್ಲೇ ಬೆವರಿಳಿಸುತ್ತವೆ, ಪ್ರವೇಶಕ್ಕೇ ವಿಜ್ಞಾನ ಪದವಿ ಕೇಳುವ ಕಡೆಗಳೂ ಇವೆ. ತರಬೇತುದಾರರಾಗುವುದು ಗುರಿಯಾದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಬೇರೆಯೇ ದಾರಿ.

ಪ್ರಶ್ನೆ: ವ್ಯಾಯಾಮದ ಮರುದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣ ಎಂದು ನೋಟ್ಸಿನಲ್ಲಿದೆ. ಪರೀಕ್ಷೆಯಲ್ಲಿ ಹಾಗೇ ಬರೆಯಲೇ? (ಮಂಡ್ಯ)

ಬೇಡ. ರಕ್ತದಲ್ಲಿ ಏರಿದ ಲ್ಯಾಕ್ಟೇಟ್ ಒಂದು ಗಂಟೆಯ ಸುಮಾರಿಗೆ ಹಳೆಯ ಮಟ್ಟಕ್ಕೆ ಇಳಿದಿರುತ್ತದೆ. ನೋವು ಹೆಚ್ಚುವುದು 24ರಿಂದ 72 ಗಂಟೆಯಲ್ಲಿ. ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುವ ಕೆಲಸ, ಅಂದರೆ ಇಳಿಜಾರಿನಲ್ಲಿ ಓಡುವುದು, ಭಾರವನ್ನು ನಿಧಾನ ಇಳಿಸುವುದು, ಎಳೆಗಳಲ್ಲಿ ಸೂಕ್ಷ್ಮ ಹಾನಿ ಮಾಡುತ್ತದೆ. ಅದರ ಬೆನ್ನಿಗೆ ಬರುವ ಉರಿಯೂತದ ನೋವು ಇದು. ಬೆಟ್ಟ ಹತ್ತಿದವರಿಗೆ ಮರುದಿನ ತೊಡೆ ನೋಯಿಸುವುದು ಹತ್ತಿದ್ದಕ್ಕಿಂತ ಹೆಚ್ಚಾಗಿ ಇಳಿದದ್ದು.

ಪ್ರಶ್ನೆ: 100 ಮೀ. ಓಟಕ್ಕೆ ಮೂವರು ವಾಚು ಹಿಡಿದೆವು: 11.62, 11.71, 11.84. ಸರಾಸರಿ ತೆಗೆಯಬೇಕೆ? (ಹಾಸನ)

ಸರಾಸರಿ ಇಲ್ಲ. ಕೈವಾಚಿನ ಸಮಯವನ್ನು ಮೊದಲು ಮುಂದಿನ ಹತ್ತನೇ ಭಾಗಕ್ಕೆ ಏರಿಸಿ: 11.7, 11.8, 11.9. ಮೂರೂ ಬೇರೆಯಾದರೆ ನಡುವಿನದು, ಅಂದರೆ 11.8. ಎರಡು ಒಂದೇ ಆಗಿದ್ದರೆ ಅದೇ ಸಮಯ. ಎರಡೇ ವಾಚಿದ್ದು ಬೇರೆ ಬೇರೆ ತೋರಿಸಿದರೆ ಹೆಚ್ಚಿನದು. ನಿಮ್ಮ ಮೂವರ ನಡುವೆ 0.22 ಸೆಕೆಂಡು ಅಂತರ ಬಂದಿರುವುದರಿಂದ ಒಬ್ಬರು ಸದ್ದು ಕೇಳಿ ಒತ್ತಿರಬಹುದು. ಸದ್ದು 100 ಮೀ. ಬರಲು ಸುಮಾರು 0.3 ಸೆಕೆಂಡು ಬೇಕು. ಪಿಸ್ತೂಲಾದರೆ ಹೊಗೆ ಅಥವಾ ಮಿಂಚು, ಕ್ಲ್ಯಾಪರಾದರೆ ಎರಡು ಹಲಗೆ ಕೂಡುವುದನ್ನು ಕಣ್ಣಿನಲ್ಲಿ ನೋಡಿ ಒತ್ತಬೇಕು. ಮುಗಿತಾಯದಲ್ಲಿ ಓಟಗಾರನ ತಲೆಯನ್ನೋ ಕೈಯನ್ನೋ ನೋಡಬೇಡಿ, ಎದೆಯ ಭಾಗ ಗೆರೆಯ ಆರಂಭದ ಕಡೆಗಿರುವ ಅಂಚಿಗೆ ಬಂದಾಗ ಒತ್ತಿ.