ಹುಬ್ಬಳ್ಳಿಯಲ್ಲಿದ್ದೇನೆ, ಚಾಕು ಮಾಡುವುದನ್ನು ಕಲಿಯಬೇಕು: ಒಬ್ಬರೇ ಗುರು ಒಬ್ಬರಿಗೇ ಕಲಿಸುವ ಎರಡು ದಿನದ ತರಬೇತಿಗೆ 18 ಸಾವಿರ ಕೊಡಲೋ, ವಿಡಿಯೋ ನೋಡಿ ಕಲಿಯಲೋ?

ಆರು ವರ್ಷದ ಹಿಂದೆ ಇದೇ ಹುಚ್ಚು ನನಗೂ ಹಿಡಿದಿತ್ತು. ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ, ಹಾಗಾಗಿ ಗದಗ ಜಿಲ್ಲೆಯ ನಮ್ಮವ್ವನ ತವರಿಗೆ ಹೋಗಿ ಅಲ್ಲಿನ ಕಂಬಾರ ಕಾಕಾನ ಕುಲುಮೆ ಮುಂದೆ ಕೂತೆ. ಕಾರಹುಣ್ಣಿಮೆಗೆ ಇನ್ನು ಹತ್ತು ದಿನ. ಕುಂಟಿಕುಡ, ಕುಡಗೋಲು ಹಿಡಿದ ರೈತರ ಪಾಳಿ. "ತಿದಿ ತಿರುವು ತಮ್ಮಾ" ಅಂದರು. (ತೊಗಲಿನ ತಿದಿ ಹೋಗಿ ಎಷ್ಟೋ ಕಾಲವಾಗಿದೆ, ಕೈಲಿ ತಿರುಗಿಸುವ ಗಾಳಿಚಕ್ರಕ್ಕೂ ಅದೇ ಹೆಸರು.) ಐದು ದಿನ ಬರೀ ಅದೇ ಕೆಲಸ.

ಆರನೇ ದಿನ ಸುತ್ತಿಗೆ ಕೊಟ್ಟರು. ಮಾತಿಲ್ಲ. ಅವರ ಸಣ್ಣ ಸುತ್ತಿಗೆ ಎಲ್ಲಿ ಟಣ್ ಅನ್ನುತ್ತದೋ ಅಲ್ಲೇ ನನ್ನ ದೊಡ್ಡದು ಬೀಳಬೇಕು. ತಪ್ಪಿದರೆ ಇಕ್ಕಳ ಹೊರಳಿಸಿ ಮತ್ತೆ ಅದೇ ಜಾಗಕ್ಕೆ ಟಣ್. ಮೂರನೇ ವಾರದಲ್ಲಿ ಲಾರಿಯ ಕಮಾನ್ ಪಟ್ಟಿಯಿಂದ ನನ್ನ ಮೊದಲ ಚಾಕು ಆಯಿತು. ಕಲಿತೆ ಅಂತ ಹುಬ್ಬಳ್ಳಿಗೆ ಬಂದು ಮಾಳಿಗೆ ಮೇಲೆ ಕುಲುಮೆ ಹೂಡಿದೆ. ಪರಿಚಯದ ಖಾನಾವಳಿಯವರು 12 ಚಾಕು ಹೇಳಿದರು.

ಅಲ್ಲಿ ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಕಾಕಾನ ಕೊಟ್ಟಿಗೆ ಗವ್ವೆನ್ನುವಷ್ಟು ಕತ್ತಲು. ಕಿಟಕಿ ಇಲ್ಲ, ನಟ್ಟ ನಡು ಮಧ್ಯಾಹ್ನವೂ ಬಾಗಿಲಿಗೆ ಗೋಣಿತಾಟು. ಪಾಪ, ಬಡತನ ಅಂದುಕೊಂಡಿದ್ದೆ. ನಾನು ಬೆಳಿಗ್ಗೆ ಹನ್ನೊಂದರ ಬಿಸಿಲಲ್ಲಿ ಕೆಲಸ ಮಾಡಿದೆ. ಕಮಾನ್ ಪಟ್ಟಿಯ ಉಕ್ಕಿಗೆ ಹದ ಹಾಕಲು (ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡಲು) ಸುಮಾರು 840 ಡಿಗ್ರಿ ಕಾವು ಬೇಕು, ಅದನ್ನು ಅಳೆಯಲು ನಮಗಿರುವುದು ಬಣ್ಣ ಒಂದೇ. ಕತ್ತಲಲ್ಲಿ ಆ ಕಾವು ಹಣ್ಣು ಟೊಮೆಟೊದಂತೆ ಕೆಂಪಗೆ ಹೊಳೆಯುತ್ತದೆ. ಬಿಸಿಲಲ್ಲಿ ಅದೇ ಕಾವಿನ ಉಕ್ಕು ಮಂಕಾಗಿ, ಇನ್ನೂ ಕಾದಿಲ್ಲವೇನೋ ಅನ್ನುವಂತೆ ಕಾಣುತ್ತದೆ. ಕಾಕಾನ ಹತ್ತಿರ ನೋಡಿದ್ದ ಕೆಂಪು ಬರಲಿ ಅಂತ ತಿದಿ ತಿರುವುತ್ತಲೇ ಹೋದೆ. ಆ ಕೆಂಪು ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಕಾವು ಬೇಕಾದದ್ದಕ್ಕಿಂತ ಬಹಳ ಮೇಲೆ ಹೋಗಿ, ಉಕ್ಕಿನೊಳಗಿನ ಹರಳು (ಸಣ್ಣ ಕಣ) ದಪ್ಪವಾಗಿತ್ತು, ಅಂಥ ಉಕ್ಕು ಸುಲಭವಾಗಿ ಮುರಿಯುತ್ತದೆ. ಎಣ್ಣೆಯಲ್ಲಿ ಅದ್ದಿದೆ, ಗಟ್ಟಿಯಾಯಿತು, ಅರ ಹಚ್ಚಿದರೆ ಜಾರಿತು. ಆಮೇಲೆ 200 ಡಿಗ್ರಿಯಲ್ಲಿ ಎರಡು ತಾಸು ಕಾಯಿಸಿ ಬಿರುಸು ಇಳಿಸಿದೆ. ಅದೂ ಸರಿಯಾಗೇ ಆಯಿತು, ಆದರೆ ಬೆಳೆದ ಹರಳು ಅಷ್ಟು ಕಾವಿಗೆ ಸಣ್ಣದಾಗುವುದಿಲ್ಲ. ಹೊರಗಿನಿಂದ ಏನೂ ಗೊತ್ತಾಗದು. 12 ಚಾಕೂ ಫಳಫಳ.

ಒಂಬತ್ತನೇ ದಿನ ಅಡುಗೆಯ ಅಕ್ಕನ ಕೈಯಿಂದ ಒಂದು ಚಾಕು ಫರಸಿ ಮೇಲೆ ಬಿದ್ದು ಬಳೆಯಂತೆ ಎರಡು ತುಂಡಾಯಿತು. ಮರುದಿನ ಇನ್ನೊಂದು. ಎಲ್ಲವನ್ನೂ ವಾಪಸ್ ತಂದೆ, ದುಡ್ಡು ತಿರುಗಿ ಕೊಟ್ಟೆ. ಒಂದು ತಿಂಗಳ ಕೆಲಸ ಹೋಯಿತು. ಆ ಚೂರು ಅವರ ಕಾಲಿಗೆ ಸಿಡಿದಿದ್ದರೆ ಅನ್ನುವ ಅಂಜಿಕೆ ಇವತ್ತಿಗೂ ಹೋಗಿಲ್ಲ.

ತುಂಡು ಒಯ್ದು ಕಾಕಾಗೆ ತೋರಿಸಿದೆ. ಮುರಿದ ಮೈಯನ್ನು ಬೆಳಕಿಗೆ ಹಿಡಿದರು. "ನೋಡಿಲ್ಲಿ, ದಪ್ಪ ರವಾ. ಸುಟ್ಟೀದಿ." ಮೂಲೆಯಿಂದ ತಮ್ಮದೇ ಮುರಿದ ಕುಡಗೋಲು ತಂದು ಪಕ್ಕಕ್ಕಿಟ್ಟರು. ಅದರ ಒಳಮೈ ಬೂದಿಯಷ್ಟು ನುಣ್ಣಗಿತ್ತು.

"ಕತ್ತಲಿ ಯಾಕ ಬೇಕು ಅಂತ ನೀವು ಹೇಳಲೇ ಇಲ್ಲಲ್ರೀ ಕಾಕಾ."

"ತಾಟು ಇಳಿಬಿಡು ಅಂತ ದಿನಾ ಹೇಳತಿದ್ನೆಲ್ಲೋ ತಮ್ಮಾ."

ಆದ್ದರಿಂದ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಎರಡು ದಿನದ ತರಬೇತಿಯಲ್ಲಿ ಗುರು ಪಕ್ಕದಲ್ಲೇ ನಿಂತು "ಈಗ ತೆಗೆ" ಅನ್ನುತ್ತಾರೆ. ಚಾಕು ಚೆಂದ ಬರುತ್ತದೆ, ಆದರೆ ನೋಡಿದ ಕಣ್ಣು ಅವರದು. ವಿಡಿಯೋದಲ್ಲಂತೂ ಕ್ಯಾಮೆರಾ ಬಣ್ಣವನ್ನೇ ಬದಲಿಸಿಬಿಡುತ್ತದೆ. ಒಬ್ಬರಿಗೊಬ್ಬರು ಕೂತು ಕಲಿಯುವುದು ಸರಿ, ಆದರೆ ತಿಂಗಳಾದರೂ ಬೇಕು. ಗದಗ, ಹಾವೇರಿ ಕಡೆ ಇನ್ನೂ ಕುಲುಮೆ ಉರಿಯುವ ಊರಿವೆ, ಮುಂಗಾರಿಗೆ ಮೊದಲು ಹೋಗಿ. ಕಲಿಸಲು ಅವರಿಗೆ ಪುರುಸೊತ್ತು ಇರುವುದಿಲ್ಲ, ಕೆಲಸ ಮಾತ್ರ ರಾಶಿ ಇರುತ್ತದೆ, ನಿಮಗೆ ಬೇಕಾದದ್ದು ಅದೇ. ಪುಕ್ಕಟೆ ಮಾತ್ರ ಕೂರಬೇಡಿ. ರೈತರು ಸುಗ್ಗಿಯಲ್ಲಿ ಕಾಳಿನ ಆಯ ಕೊಡುತ್ತಿದ್ದ ಕಸುಬು ಇದು, ಆ 18 ಸಾವಿರವನ್ನು ಅವರ ಕೈಗೇ ಕೊಡಿ.

ಜೊತೆಗೊಂದು ಅಯಸ್ಕಾಂತ ಒಯ್ಯಿರಿ. ಸುಮಾರು 770 ಡಿಗ್ರಿ ದಾಟಿದರೆ ಉಕ್ಕು ಅದಕ್ಕೆ ಅಂಟುವುದಿಲ್ಲ. ಅಲ್ಲಿಂದ ತುಸು ಕಾಯಿಸಿ ಎಣ್ಣೆಗೆ ಅದ್ದಬೇಕು. ಕಾಕಾಗೆ ಇದು ಬೇಡ, ನಮಗೆ ಬೇಕು. ಮಾಡುವುದಾದರೆ ಅಡುಗೆಮನೆಯ, ಹೊಲದ ಸಾಮಾನನ್ನೇ ಮಾಡಿ. ಅದನ್ನು ಬಿಟ್ಟು 9 ಇಂಚಿಗಿಂತ ಉದ್ದದ ಅಲಗು ಶಸ್ತ್ರಾಸ್ತ್ರ ನಿಯಮದ ಲೆಕ್ಕಕ್ಕೆ ಬರುತ್ತದೆ.

ಮೊದಲ ಮೂರು ತುಂಡಿಗೆ ಹಿಡಿಕೆ ಹಾಕಲೇಬೇಡಿ. ಹದ ಹಾಕಿ, ಬಟ್ಟೆ ಸುತ್ತಿ, ಅಡಿಗಲ್ಲಿನ ಮೇಲಿಟ್ಟು ಮುರಿಯಿರಿ. ಒಳಮೈಯ ಫೋಟೋ ಇಲ್ಲಿ ಹಾಕಿ, ರವೆಯೋ ಬೂದಿಯೋ ನೋಡಿ ಹೇಳುತ್ತೇನೆ.