ಮೊಬೈಲಿನಲ್ಲಿ ಮಾತ್ರೆ ತರಿಸಬಹುದಾ?

ಪ್ರಶ್ನೆ: ಅಮ್ಮನಿಗೆ ಬಿಪಿ, ಶುಗರ್ ಎರಡೂ ಇದೆ. ನಮ್ಮೂರಿನಲ್ಲಿ ಎಲ್ಲ ಮಾತ್ರೆ ಸಿಗುವುದಿಲ್ಲ, ಶಿವಮೊಗ್ಗಕ್ಕೆ ಹೋಗಿ ಬಂದರೆ ಒಂದು ದಿನದ ಕೆಲಸ ಕೆಟ್ಟಿತು. ಬೆಂಗಳೂರಿನಲ್ಲಿರುವ ತಮ್ಮ ಮೊಬೈಲಿನಲ್ಲೇ ಆರ್ಡರ್ ಮಾಡುತ್ತಾನೆ, ರೇಟೂ ಕಡಿಮೆ. ಮೆಡಿಕಲ್ ಶಾಪಿನವರು ಮಾತ್ರ ಅದು ಕಾನೂನಿಗೆ ವಿರುದ್ಧ ಅಂತಾರೆ. ಯಾರ ಮಾತು ನಂಬೋದು?
(ಓದುಗರು, ಹೊಸನಗರ ತಾಲ್ಲೂಕು)

ಉತ್ತರ: ಅಂಗಡಿಯವರು ಹೇಳುವುದರಲ್ಲಿ ಹುರುಳಿದೆ. ನಮ್ಮ ಔಷಧ ಕಾಯ್ದೆ 1940ರದ್ದು, ನಿಯಮಗಳು 1945ರವು. ಲೈಸೆನ್ಸ್ ಇರುವ ಅಂಗಡಿ, ಅಲ್ಲೊಬ್ಬ ನೋಂದಾಯಿತ ಫಾರ್ಮಸಿಸ್ಟ್, ಅವರು ಡಾಕ್ಟರ್ ಚೀಟಿ ನೋಡಿ ಔಷಧಿ ಕೊಡಬೇಕು, ಬಿಲ್ ಹಾಕಬೇಕು. ಆಗ ಇಂಟರ್ನೆಟ್ ಎಲ್ಲಿತ್ತು? ಆನ್‌ಲೈನ್ ಮಾರಾಟಕ್ಕೆ ಅಂತಲೇ ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ಒಂದು ಕರಡು ತಂದಿತು. ಪ್ರತಿ ಕಂಪನಿಯೂ ನೋಂದಣಿ ಮಾಡಿಸಬೇಕು, ರೋಗಿಯ ವಿವರ ಗುಟ್ಟಾಗಿರಬೇಕು, ಅಮಲಿನ ಔಷಧಿ ಮಾರುವ ಹಾಗಿಲ್ಲ ಅಂತೆಲ್ಲ ಅದರಲ್ಲಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಲೈಸೆನ್ಸ್ ಇಲ್ಲದ ಆನ್‌ಲೈನ್ ಮಾರಾಟ ನಿಲ್ಲಿಸಿ ಅಂತ ಹೇಳಿತು. ಕರಡು ಮಾತ್ರ ವರ್ಷಗಟ್ಟಲೆ ಕರಡಾಗಿಯೇ ಉಳಿಯಿತು, ವ್ಯಾಪಾರ ಅದಕ್ಕೆ ಕಾಯಲಿಲ್ಲ. ಇದು ಸರ್ಕಾರದ ದೊಡ್ಡ ತಪ್ಪು ಅಂತಲೇ ನನ್ನ ಅಭಿಪ್ರಾಯ. ಪೂರ್ತಿ ನಿಷೇಧ ಮಾಡಿದರೆ ನಿಮ್ಮ ಅಮ್ಮನಂಥವರಿಗೆ ಕಷ್ಟ, ಹೇಳುವವರು ಕೇಳುವವರು ಇಲ್ಲದೆ ಬಿಟ್ಟರೆ ಇನ್ನೂ ಕಷ್ಟ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಕೊರೋನಾ ಲಾಕ್‌ಡೌನ್ ಶುರುವಾದಾಗ, 2020ರ ಮಾರ್ಚ್‌ನಲ್ಲಿ, ಲೈಸೆನ್ಸ್ ಇರುವ ಅಂಗಡಿಗಳು ಚೀಟಿ ತರಿಸಿಕೊಂಡು ಮನೆಗೇ ಔಷಧಿ ಮುಟ್ಟಿಸಬಹುದು ಅಂತ ಕೇಂದ್ರ ಅಧಿಸೂಚನೆ ಹೊರಡಿಸಿತ್ತು. ಆದರೆ ಅಂಗಡಿ ಇರುವ ಕಂದಾಯ ಜಿಲ್ಲೆಯೊಳಗೆ ಮಾತ್ರ. ನನಗೆ ಈ ದಾರಿ ಹಿಡಿಸುತ್ತದೆ. ಶಿವಮೊಗ್ಗದ ಅಂಗಡಿಯಾದರೆ ಮಾತ್ರೆ ಬದಲಾಗಿ ಬಂದಾಗ ಫೋನ್ ಮಾಡಿ ಕೇಳಬಹುದು, ಬೇಕಾದರೆ ಹೋಗಿ ಎದುರಿಗೇ ನಿಲ್ಲಬಹುದು, ಅಲ್ವಾ? ಹಾಗಾಗಿ ಪರಿಚಯದ ಮೆಡಿಕಲ್ ಶಾಪಿನವರನ್ನೇ ಮೊದಲು ಕೇಳಿ ನೋಡಿ. ತಮ್ಮನ ಕೈಲೇ ತರಿಸುವುದಾದರೆ ಬಿಲ್ಲಿನಲ್ಲಿ ಅಂಗಡಿಯ ಹೆಸರು, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಎಕ್ಸ್‌ಪೈರಿ ಡೇಟ್ ಇದೆಯಾ ನೋಡಿ. ಆ್ಯಪ್‌ನ ಹೆಸರು ಮಾತ್ರ ಇದ್ದರೆ ಸಾಲದು.

ಇನ್ಸುಲಿನ್ ಮಾತ್ರ ಕೊರಿಯರ್‌ನಲ್ಲಿ ಬೇಡ. ಅದು 2ರಿಂದ 8 ಡಿಗ್ರಿ ತಂಪಿನಲ್ಲೇ ಬರಬೇಕು. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದು ಪಾರ್ಸೆಲ್ ಎಲ್ಲೋ ಎರಡು ದಿನ ಕೂತರೆ ಆಮೇಲೆ ಅದನ್ನು ನಂಬಿ ಚುಚ್ಚಿಕೊಳ್ಳುವುದು ಹೇಗೆ?

ಪ್ರಶ್ನೆ: ಚೀಟಿ ಇಲ್ಲದಿದ್ದರೂ ಆ್ಯಪ್‌ನವರೇ ಡಾಕ್ಟರ್ ಹತ್ತಿರ ಮಾತಾಡಿಸಿ ಚೀಟಿ ಕೊಡುತ್ತಾರೆ. ಹಾಸ್ಟೆಲ್ ಗೆಳತಿಯೊಬ್ಬಳು ಹೀಗೆ ನಿದ್ದೆ ಮಾತ್ರೆ ತರಿಸೋಣ ಅಂತಿದ್ದಾಳೆ. ತಪ್ಪಾ?
(ವಿದ್ಯಾರ್ಥಿನಿ, ತೀರ್ಥಹಳ್ಳಿ)

ಉತ್ತರ: ಫೋನಿನಲ್ಲಿ ಡಾಕ್ಟರ್ ನೋಡುವುದು ತಪ್ಪಲ್ಲ, 2020ರಿಂದ ಅದಕ್ಕೆ ಮಾರ್ಗಸೂಚಿಯೇ ಇದೆ. ಆದರೆ ಮೊದಲು ರೋಗ ಕೇಳಬೇಕು, ಆಮೇಲೆ ಔಷಧಿ ಬರೆಯಬೇಕು. ನೀವು ಆರಿಸಿಟ್ಟ ಮಾತ್ರೆಗೆ ಎರಡು ನಿಮಿಷ ಮಾತಾಡಿ ಚೀಟಿ ಹೊಂದಿಸಿ ಕೊಟ್ಟರೆ ಅದು ಚಿಕಿತ್ಸೆ ಅಲ್ಲ, ಬರೀ ಮಾರಾಟ. ಆಲ್ಪ್ರಜೋಲಮ್‌ನಂಥ ನಿದ್ದೆ ಮಾತ್ರೆಗಳು ಔಷಧ ನಿಯಮಗಳ ಎಚ್1 ಅನ್ನುವ ಪಟ್ಟಿಯಲ್ಲಿವೆ. ಅವನ್ನು ಕೊಟ್ಟರೆ ಅಂಗಡಿಯವರು ಡಾಕ್ಟರ್ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಅನ್ನುವುದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಅಷ್ಟು ಕಟ್ಟುನಿಟ್ಟು ಯಾಕೆಂದರೆ ಅವು ಬೇಗ ಚಟವಾಗುತ್ತವೆ, ತಟ್ಟನೆ ನಿಲ್ಲಿಸಿದರೂ ತೊಂದರೆ. ಗೆಳತಿಗೆ ಯಾಕೆ ನಿದ್ದೆ ಬರುತ್ತಿಲ್ಲ ಅಂತ ನೀವು ಮೊದಲು ಕೂತು ಕೇಳಿ. ಆಮೇಲೆ ಡಾಕ್ಟರ್ ಹತ್ತಿರ ಜೊತೆಯಲ್ಲಿ ಹೋಗಿ.

ಪ್ರಶ್ನೆ: ಜ್ವರ ಬಂದಾಗ ಹಳೇ ಚೀಟಿಯ ಫೋಟೋ ಹಾಕಿ ಆಂಟಿಬಯಾಟಿಕ್, ನೋವಿನ ಮಾತ್ರೆ ತರಿಸಿಟ್ಟುಕೊಳ್ಳುತ್ತೇವೆ. ಪರವಾಗಿಲ್ವಾ?
(ಅಡಿಕೆ ಬೆಳೆಗಾರರು, ಸಾಗರ)

ಉತ್ತರ: ದಯವಿಟ್ಟು ಬೇಡ. ನೀವಿರುವುದು ಮಂಗನ ಕಾಯಿಲೆಯ ಸೀಮೆಯಲ್ಲಿ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಈ ಜ್ವರ ವೈರಸ್‌ನಿಂದ ಬರುವುದು, ಆಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ. ರಕ್ತಸ್ರಾವದ ಭಯ ಇರುವುದರಿಂದ ಆಸ್ಪಿರಿನ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ತಗೊಂಡರೆ ಅಪಾಯ ಜಾಸ್ತಿ. ಡೆಂಗಿಯಲ್ಲೂ ಇದೇ ಕಥೆ. ಹಳೇ ಚೀಟಿಗೆ ಈ ಸಲದ ಜ್ವರ ಯಾವುದು ಅಂತ ಗೊತ್ತಿರುವುದಿಲ್ಲ, ಫೋಟೋ ನೋಡಿ ಪ್ಯಾಕ್ ಮಾಡುವವರಿಗೂ ಗೊತ್ತಿರುವುದಿಲ್ಲ. ಕಾಡಿಗೆ ಹೋಗಿ ಬಂದ ಮೇಲೆ, ಉಣ್ಣೆ ಕಚ್ಚಿದ ಮೇಲೆ ಜ್ವರ ಬಂದರೆ ಆರ್ಡರ್ ಹಾಕಿ ಕಾಯಬೇಡಿ, ಅವತ್ತೇ ಹತ್ತಿರದ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಬಂದ ಮಾತ್ರೆ ಅಸಲಿಯೋ ನಕಲಿಯೋ ಹೇಗೆ ತಿಳಿಯುವುದು?
(ಓದುಗರು, ಭದ್ರಾವತಿ)

ಉತ್ತರ: 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಕಂಪನಿ, ಬ್ಯಾಚ್, ತಾರೀಖು ಸ್ಟ್ರಿಪ್‌ನಲ್ಲಿ ಇರುವುದಕ್ಕೆ ತಾಳೆಯಾಗುತ್ತದೆಯಾ ನೋಡಿ. ಅನುಮಾನ ಬಂದರೆ ಮಾತ್ರೆ ನುಂಗಬೇಡಿ, ಎಸೆಯಲೂಬೇಡಿ. ಸ್ಟ್ರಿಪ್, ಬಿಲ್, ಪಾರ್ಸೆಲ್ ಕವರ್ ಮೂರನ್ನೂ ತೆಗೆದುಕೊಂಡು ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಬರವಣಿಗೆಯಲ್ಲಿ ದೂರು ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ.